ಮೊದಲು ಗಾಲಿ ಬಿಚ್ಚಲಿ, ಆಮೇಲೆ ಪಾಕೀಟು ಬಿಚ್ಚೋಣ

ತೆಂಗಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ನಮ್ಮ ಕಡೆ ಯಾವ ಊರಿಗೆ ಹೋದರೂ ಈಗ ಓಣಿಗೆ ಒಂದೆರಡು ಕಾರು ನಿಂತಿರುತ್ತವೆ. ಬಹಳಷ್ಟು ಸೆಕೆಂಡ್ ಹ್ಯಾಂಡ್. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು ತಂದದ್ದು, ತೊಗರಿ ದುಡ್ಡಿನಲ್ಲಿ ಕೊಂಡದ್ದು, ಬಾಡಿಗೆ ಓಡಿಸಿ ಹೊಟ್ಟೆ ಹೊರೆಯಲು ಸಾಲ ಮಾಡಿ ತಂದದ್ದು. ಮನೆತನದಲ್ಲಿ ಅದೇ ಮೊದಲ ಕಾರು. ಅಪ್ಪನಿಗೆ ಎತ್ತಿನ ಬಂಡಿ ಗೊತ್ತು, ಟ್ರ್ಯಾಕ್ಟರ್ ಗೊತ್ತು, ಕಾರು ಗೊತ್ತಿಲ್ಲ. ಇಂಥ ಕಾರು ಒಂದು ದಿನ ಬ್ರೇಕ್ ಒತ್ತಿದ ಕೂಡಲೇ "ಕೀಂಯ್" ಎಂದು ಚೀರುತ್ತದೆ.

ಆಗ ನಮ್ಮಲ್ಲಿ ಎರಡು ಉತ್ತರ ಸಿಗುತ್ತವೆ. ಕಟ್ಟೆ ಮೇಲೆ ಕೂತವರದು ಒಂದು: "ಏನ್ ಆಗಲ್ಲ ಬಿಡ್ರಿ, ದೂಳ ಹೊಕ್ಕದ, ಜರಾ ಎಣ್ಣಿ ಹಾಕ್ರಿ." ಗ್ಯಾರೇಜಿನದು ಇನ್ನೊಂದು: "ನಾಕೂ ಗಾಲಿ ಸೆಟ್ಟೇ ಬದಲಿ ಮಾಡಬೇಕಾಗ್ತದ್ರಿ, ಏಳೆಂಟು ಸಾವಿರ ಹಿಡ್ಕೊಂಡ್ ಬರ್ರಿ." ಮೊದಲನೆಯ ಮಾತು ಜೀವಕ್ಕೆ ಕುತ್ತು, ಎರಡನೆಯದು ಜೇಬಿಗೆ ಕುತ್ತು. ಎರಡರ ತಪ್ಪೂ ಒಂದೇ. ಗಾಲಿ ಬಿಚ್ಚಿ ಒಳಗೆ ಏನಾಗಿದೆ ಎಂದು ಯಾರೂ ನೋಡಿಲ್ಲ.

ನಾವು ಹೇಳುವುದು ಇಷ್ಟೇ. ಸದ್ದು ನಿಲ್ಲಿಸಲು ದುಡ್ಡು ಕೊಡಬೇಡಿ, ಸದ್ದಿನ ಕಾರಣ ಹುಡುಕಲು ಕೊಡಿ. ಕಾರಣ ನಿಮ್ಮ ಕಣ್ಣಿಗೆ ಕಾಣಿಸುವ ತನಕ ಒಂದು ಸಾಮಾನೂ ಕೊಳ್ಳಬೇಡಿ.

ಇದು ಸಣ್ಣ ಮಾತಲ್ಲ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಗ್ಯಾರೇಜಿನವರು ಬಾಯಿಮಾತಿನಲ್ಲಿ ಹೇಳಿದ ಒಂದು ಬಿಲ್ಲು ಅಂದರೆ ಒಂದು ಕ್ವಿಂಟಲ್ ತೊಗರಿ. ಬಿತ್ತಿ, ಕಳೆ ತೆಗೆದು, ಕಾಯಿಕೊರಕಕ್ಕೆ ಔಷಧ ಹೊಡೆದು, ಕೊಯ್ದು, ರಾಶಿ ಮಾಡಿದ ತೊಗರಿ. ಅದನ್ನು ಗಂಜಿಗೆ ಒಯ್ದಾಗ ನಾವು ತಕ್ಕಡಿ ಬಿಟ್ಟು ಅತ್ತಿತ್ತ ಸರಿಯುವುದಿಲ್ಲ. ಮುಳ್ಳು ಎಲ್ಲಿ ನಿಂತಿತು ಎಂದು ಬಗ್ಗಿ ನೋಡುತ್ತೇವೆ. ಒಂದು ಕಿಲೋ ಸೂಟು ಹೊಡೆದರೂ ಜಗಳಕ್ಕೆ ನಿಲ್ಲುತ್ತೇವೆ. ಅದೇ ನಾವು ಗ್ಯಾರೇಜಿಗೆ ಹೋದಾಗ ಚಾವಿ ಕೊಟ್ಟು ಚಹಾ ಕುಡಿಯಲು ಹೋಗುತ್ತೇವೆ. ತಿರುಗಿ ಬಂದಾಗ ಗಾಲಿ ಕೂಡಿಸಿ ಆಗಿರುತ್ತದೆ. ಹಳೆಯ ಪ್ಯಾಡ್ ಎಲ್ಲಿ ಹೋಯಿತು, ಹೊಸದು ಯಾವ ಕಂಪನಿಯದು, ನಿಜಕ್ಕೂ ಹೊಸದು ಹಾಕಿದರೋ ಇಲ್ಲವೋ ನಮಗೆ ಗೊತ್ತಿಲ್ಲ. ತಕ್ಕಡಿ ಮುಂದೆ ಇರುವ ಎಚ್ಚರ ಗಾಲಿ ಮುಂದೆ ಯಾಕಿಲ್ಲ?

ಬಂಡಿಯ ಬುದ್ಧಿ ಬ್ರೇಕಿಗೆ ಬೇಡ

ಮೊದಲು ಎಣ್ಣೆಯ ಮಾತು ಮುಗಿಸೋಣ. ಬಂಡಿ ಗಾಲಿ ಕಿರುಗುಟ್ಟಿದರೆ ಕೀಲೆಣ್ಣೆ ಹಾಕಬೇಕು ಎಂದು ಹಿರಿಯರು ಕಲಿಸಿದ್ದಾರೆ. ಬಂಡಿಯ ಮಟ್ಟಿಗೆ ಅದು ಸರಿ. ಅಚ್ಚಿನ ಮೇಲೆ ಗಾಲಿ ಸಲೀಸಾಗಿ ತಿರುಗಬೇಕು, ತಿಕ್ಕಾಟ ಕಡಿಮೆಯಾಗಬೇಕು, ಅದಕ್ಕೆ ಎಣ್ಣೆ. ಬ್ರೇಕಿನ ಕೆಲಸ ಪೂರಾ ಉಲ್ಟಾ. ಅದಕ್ಕೆ ತಿಕ್ಕಾಟವೇ ಬೇಕು.

ನಮ್ಮ ಕಡೆ ಓಡುವ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಎರಡು ಗಾಲಿಗೆ ಡಿಸ್ಕ್, ಹಿಂದಿನ ಎರಡಕ್ಕೆ ಡ್ರಮ್ ಇರುತ್ತದೆ. ಡಿಸ್ಕ್ ಅಂದರೆ ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಬ್ರೇಕ್ ಒತ್ತಿದಾಗ ಕ್ಯಾಲಿಪರ್ ಎಂಬ ಹಿಡಿ ಎರಡು ಪ್ಯಾಡುಗಳನ್ನು ಆ ತಟ್ಟೆಯ ಎರಡೂ ಬದಿಗೆ ಅದುಮುತ್ತದೆ. ಡ್ರಮ್ ಅಂದರೆ ಬಟ್ಟಲಿನಂಥ ಕಬ್ಬಿಣ. ಅದರೊಳಗೆ ಕೂತ ಎರಡು ಲೈನರ್ ಹೊರಕ್ಕೆ ಅಗಲವಾಗಿ ಬಟ್ಟಲಿನ ಗೋಡೆಗೆ ಒತ್ತುತ್ತವೆ. ಎರಡರಲ್ಲೂ ಗಾಡಿ ನಿಲ್ಲುವುದು ತಿಕ್ಕಾಟದಿಂದ.

ಅಲ್ಲಿ ಎಣ್ಣೆ ಬಿಟ್ಟರೆ ಸದ್ದು ನಿಲ್ಲುತ್ತದೆ, ನಿಜ. ಅದರ ಜೊತೆ ಬ್ರೇಕೂ ಹೋಗುತ್ತದೆ. ಪ್ಯಾಡ್ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಮೇಲೆ ಒರೆಸಿದರೆ ಹೋಗುವುದಿಲ್ಲ, ಆ ಪ್ಯಾಡ್ ತೆಗೆದು ಬಿಸಾಕಬೇಕು. ಒಂದೇ ಬದಿಗೆ ಎಣ್ಣೆ ಬಿದ್ದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಇನ್ನೊಂದು ಬದಿಗೆ ಎಳೆಯುತ್ತದೆ. ವಾಡಿ, ಶಹಾಬಾದ್ ರಸ್ತೆಯಲ್ಲಿ ಸಿಮೆಂಟ್ ಟ್ಯಾಂಕರ್ ಎದುರು ಬರುವಾಗ ಗಾಡಿ ಬಲಕ್ಕೆ ಎಳೆದರೆ ಏನಾಗುತ್ತದೆ ಎಂದು ನಾವು ಬರೆದು ಹೇಳಬೇಕಿಲ್ಲ. ಎಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಯಾವುದೂ ಡಿಸ್ಕಿನ ಮೇಲೆ ಬೀಳಬಾರದು.

ಇನ್ನೊಂದು ಗೊಂದಲ ಹೆಸರಿನದು. ಬಾನೆಟ್ ಕೆಳಗೆ ಸಣ್ಣ ಡಬ್ಬಿಯಲ್ಲಿ ಇರುವುದನ್ನು ನಾವು "ಬ್ರೇಕ್ ಆಯಿಲ್" ಅನ್ನುತ್ತೇವೆ. ಅದು ಬೇರೆಯೇ ದ್ರವ, ಎಣ್ಣೆಯಲ್ಲ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಬೇಕು. "ಆಯಿಲ್ ಅಂದ್ರ ಆಯಿಲ್ ಅಲ್ಲೇನು" ಎಂದು ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಇಡೀ ಬ್ರೇಕ್ ಲೈನ್ ಹಾಳಾಗುತ್ತದೆ. ಆಗ ನಿಜಕ್ಕೂ ದೊಡ್ಡ ಬಿಲ್ಲು ಬರುತ್ತದೆ.

ಬ್ರೇಕಿನ ಕಿರುಗುಟ್ಟುವಿಕೆ ಹೊಸ ರೋಗವಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಅವನು ಬಳಸಿದ್ದು ತಾಮ್ರದ ಪ್ಯಾಡ್. ಲೋಹಕ್ಕೆ ಲೋಹ ತಿಕ್ಕಿ ಕಿವಿ ಮುಚ್ಚಿಕೊಳ್ಳುವಷ್ಟು ಚೀರುತ್ತಿತ್ತು. ಮುಂದೆ ಹರ್ಬರ್ಟ್ ಫ್ರೂಡ್ ಎಂಬವನು ಕಲ್ನಾರಿನ ಪದರ ಹಾಕಿದ ಮೇಲೆ ಚೀರಾಟ ತಗ್ಗಿತು. ಅವರೂ ಎಣ್ಣೆ ಬಿಡಲಿಲ್ಲ, ತಿಕ್ಕುವ ವಸ್ತುವನ್ನು ಬದಲಿಸಿದರು. ಕಲ್ನಾರಿನ ಪುಡಿ ಪುಪ್ಪುಸಕ್ಕೆ ವಿಷ ಎಂದು ಆಮೇಲೆ ಗೊತ್ತಾಗಿ ಎಷ್ಟೋ ದೇಶಗಳು ಅದನ್ನು ಬಿಟ್ಟವು. ಆ ಮಾತಿಗೆ ಮುಂದೆ ಬರುತ್ತೇವೆ.

ಯಾವ ಸದ್ದು ಏನು ಹೇಳುತ್ತದೆ

ಎಲ್ಲ ಸದ್ದೂ ಒಂದೇ ಅಲ್ಲ. ಗ್ಯಾರೇಜಿಗೆ ಹೋಗುವ ಮುಂಚೆ ಎರಡು ದಿನ ಕಿವಿಗೊಟ್ಟು ಕೇಳಿ. ಯಾವಾಗ ಬರುತ್ತದೆ, ಯಾವ ಗಾಲಿಯಿಂದ, ಒತ್ತಿದಾಗ ಮಾತ್ರವೋ ಸುಮ್ಮನೆ ಓಡುವಾಗಲೂ ಬರುತ್ತದೋ ಎಂದು ಗಮನಿಸಿ.

ಬೆಳಿಗ್ಗೆ ಮೊದಲ ಐದಾರು ಸಲ ಬ್ರೇಕ್ ಹಾಕಿದಾಗ ಸದ್ದು, ಆಮೇಲೆ ಇಲ್ಲ. ಇದು ರಾತ್ರಿಯ ತಂಪಿಗೆ ಅಥವಾ ಮಳೆಗೆ ಡಿಸ್ಕಿನ ಮೇಲೆ ಕೂತ ತೆಳು ತುಕ್ಕು. ಓಡಿದರೆ ತಾನೇ ಉಜ್ಜಿ ಹೋಗುತ್ತದೆ. ಖರ್ಚು ಸೊನ್ನೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿ ಪುಣೆಗೆ ಹೋಗಿದ್ದರೆ ಮಾತ್ರ ತುಕ್ಕು ದಪ್ಪವಾಗಿರಬಹುದು, ಬಿಚ್ಚಿಸಿ ನೋಡಿ.

ಹೊಲದ ದಾರಿ, ಕ್ರಷರ್ ದಾರಿ, ಸಿಮೆಂಟ್ ಕಾರ್ಖಾನೆ ದಾರಿಯಲ್ಲಿ ಓಡಾಡಿದ ಮೇಲೆ ಶುರುವಾದ ಸದ್ದು. ನಮ್ಮ ಕಡೆ ಇದು ಬಹಳ. ಸುಣ್ಣದ ಕಲ್ಲಿನ ಪುಡಿ, ಸಿಮೆಂಟ್ ದೂಳು, ಮಳೆಗಾಲದಲ್ಲಿ ಎರೆ ಮಣ್ಣು ಪ್ಯಾಡಿನ ಸಂದಿಯಲ್ಲಿ, ಡ್ರಮ್ಮಿನ ಒಳಗೆ ಸೇರುತ್ತದೆ. ಗಾಲಿ ಬಿಚ್ಚಿ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಈ ಸ್ಪ್ರೇ ಎಣ್ಣೆಯ ಹಾಗೆ ಉಳಿಯುವುದಿಲ್ಲ, ಕೂಡಲೇ ಆರಿಹೋಗುತ್ತದೆ.

ಸಣ್ಣ, ತೀಕ್ಷ್ಣ, ಬಿಡದ ಕಿರುಚು. ಬಹಳ ಪ್ಯಾಡುಗಳಿಗೆ ಕಂಪನಿಯವರೇ ಒಂದು ಸಣ್ಣ ತಗಡಿನ ನಾಲಿಗೆ ಇಟ್ಟಿರುತ್ತಾರೆ. ಪ್ಯಾಡ್ ಸವೆದು ಎರಡು ಮೂರು ಮಿ.ಮೀ. ಉಳಿದಾಗ ಆ ತಗಡು ಡಿಸ್ಕಿಗೆ ತಾಗಿ ಕಿರುಚುತ್ತದೆ. ಮಾಲೀಕನಿಗೆ ಗೊತ್ತಾಗಲಿ ಎಂದೇ ಮಾಡಿದ ಸದ್ದು ಅದು. ಇದಕ್ಕೆ ಪ್ಯಾಡ್ ಬದಲಿಸಬೇಕು, ಬೇರೆ ದಾರಿ ಇಲ್ಲ. ಈ ಹಂತದಲ್ಲಿ ಬದಲಿಸಿದರೆ ಪ್ಯಾಡಿನ ಖರ್ಚಿಗೇ ಮುಗಿಯುತ್ತದೆ.

ಗರಗರ, ಕಬ್ಬಿಣಕ್ಕೆ ಕಬ್ಬಿಣ ಅರೆದ ಹಾಗೆ. ಪ್ಯಾಡ್ ಪೂರಾ ಮುಗಿದು ಅದರ ಹಿಂದಿನ ಕಬ್ಬಿಣದ ಹಲಗೆ ಡಿಸ್ಕನ್ನು ಕೊರೆಯುತ್ತಿರಬಹುದು. ಗಾಡಿ ಅಲ್ಲೇ ನಿಲ್ಲಿಸಿ. "ಸಂತಿ ಮುಗಿಸ್ಕೊಂಡು ನೋಡೋಣ" ಅನ್ನಬೇಡಿ. ಕಿರುಚಿದಾಗ ಪ್ಯಾಡಿನಲ್ಲಿ ಮುಗಿಯುತ್ತಿದ್ದ ಖರ್ಚು ಈಗ ಡಿಸ್ಕಿಗೂ ಹಬ್ಬಿದೆ.

ಸದ್ದಿನ ಜೊತೆ ಒಂದೇ ಗಾಲಿ ಬಿಸಿ, ಗಾಡಿ ಒಂದು ಕಡೆಗೆ ಎಳೆತ. ಕ್ಯಾಲಿಪರಿನ ಸ್ಲೈಡ್ ಪಿನ್ನುಗಳು ದೂಳು, ತುಕ್ಕು ಹಿಡಿದು ಅಂಟಿಕೊಂಡಿರಬಹುದು. ಬ್ರೇಕ್ ಬಿಟ್ಟರೂ ಪ್ಯಾಡ್ ಹಿಂದೆ ಸರಿಯುವುದಿಲ್ಲ. ಇಲ್ಲಿ ಪಿನ್ ತೆಗೆದು ಸ್ವಚ್ಛ ಮಾಡಿ ಬಿಸಿ ತಡೆಯುವ ಬ್ರೇಕ್ ಗ್ರೀಸ್ ಹಚ್ಚಬೇಕು. ಇದನ್ನು ಬಿಟ್ಟು ಬರೀ ಪ್ಯಾಡ್ ಬದಲಿಸಿದರೆ ಹೊಸ ಪ್ಯಾಡೂ ಓರೆಯಾಗಿ ಸವೆದು ಮತ್ತೆ ಅದೇ ಸದ್ದು ಬರುತ್ತದೆ.

ಹೊಸ ಪ್ಯಾಡ್ ಹಾಕಿಸಿದ ಮೇಲೂ ಸದ್ದು. ಪ್ಯಾಡಿನ ಬೆನ್ನಿಗೆ ಇರಬೇಕಾದ ತೆಳು ತಗಡು ಹಾಕಿಲ್ಲ, ಅಥವಾ ಹೊಸ ಪ್ಯಾಡ್ ಡಿಸ್ಕಿಗೆ ಇನ್ನೂ ಹೊಂದಿಲ್ಲ. ಖಾಲಿ ರಸ್ತೆಯಲ್ಲಿ ಐವತ್ತರ ವೇಗದಿಂದ ಇಪ್ಪತ್ತಕ್ಕೆ ಬರುವ ಹಾಗೆ ಮೆಲ್ಲಗೆ ಬ್ರೇಕ್ ಹಾಕಿ, ನಡುವೆ ಸ್ವಲ್ಪ ಓಡಿಸಿ ತಣಿಯಲು ಬಿಡಿ. ಹತ್ತು ಸಲ ಹೀಗೆ ಮಾಡಿದರೆ ಹೊಂದಿಕೊಳ್ಳುತ್ತದೆ.

ಇಷ್ಟು ಕಾರಣಗಳಲ್ಲಿ ಪ್ಯಾಡ್ ಸವೆತ ಒಂದು ಕಾರಣ ಮಾತ್ರ. ಹಾಗಿದ್ದ ಮೇಲೆ ಸದ್ದು ಕೇಳಿದ ಕೂಡಲೇ ನಾಲ್ಕೂ ಗಾಲಿಗೆ ಸೆಟ್ಟು ಎಂದು ಹೇಳುವುದು ಕೆಮ್ಮಿದವರಿಗೆಲ್ಲ ಆಪರೇಷನ್ ಬರೆದ ಹಾಗೆ.

ಪೈಸೆ ಖರ್ಚಿಲ್ಲದೆ ನೋಡಬಹುದಾದ್ದು

ಮೊಬೈಲಿನ ಟಾರ್ಚ್ ಹಚ್ಚಿ ಮುಂದಿನ ಗಾಲಿಯ ಸಂದಿಯಿಂದ ಒಳಗೆ ನೋಡಿ. ಹೊಳೆಯುವ ತಟ್ಟೆಯನ್ನು ಹಿಡಿದುಕೊಂಡ ಪ್ಯಾಡ್ ಕಾಣುತ್ತದೆ. ಹೊಸ ಪ್ಯಾಡಿನ ತಿಕ್ಕುವ ಭಾಗ ಸುಮಾರು ಹತ್ತು ಮಿ.ಮೀ. ದಪ್ಪ ಇರುತ್ತದೆ. ಮೂರು ಮಿ.ಮೀ. ಹತ್ತಿರ ಬಂದಿದ್ದರೆ ಬದಲಿಸುವ ಕಾಲ ಬಂತು. ಒಳಬದಿಯ ಪ್ಯಾಡ್ ಹೊರಗಿನಿಂದ ಕಾಣುವುದಿಲ್ಲ, ಅದೇ ಹೆಚ್ಚು ಸವೆದಿರುವುದೂ ಉಂಟು. ಆದ್ದರಿಂದ ಹೊರಗಿನದು ಚೆನ್ನಾಗಿದೆ ಎಂದು ನಿಶ್ಚಿಂತರಾಗಬೇಡಿ. ತಟ್ಟೆಯ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೆರೆಗಳಿವೆಯೇ ನೋಡಿ, ಆದರೆ ಗಾಡಿ ತಣ್ಣಗಿರುವಾಗ ಮಾತ್ರ ಮುಟ್ಟಿ. ಓಡಿ ಬಂದ ಡಿಸ್ಕ್ ಕೈ ಸುಡುತ್ತದೆ.

ಬ್ರೇಕ್ ಆಯಿಲ್ ಡಬ್ಬಿ ನೋಡಿ. ಕೆಳಗಿನ ಗೆರೆಯ ಹತ್ತಿರ ಇಳಿದಿದ್ದರೆ ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಎರಡರಲ್ಲಿ ಯಾವುದೆಂದು ನೋಡದೆ ಮೇಲೆ ತುಂಬಿಸಿ ಸುಮ್ಮನಾಗಬೇಡಿ.

ಗಾಲಿಯನ್ನೇ ಬಿಚ್ಚಿ ನೋಡುವ ಹುಮ್ಮಸ್ಸಿದ್ದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಗೇರಿನಲ್ಲಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಉಳಿದ ಗಾಲಿಗಳಿಗೆ ಕಲ್ಲು ಕೊಡಿ. ಎರೆ ಮಣ್ಣಿನ ಮೇಲೆ ಜಾಕ್ ಹುಗಿಯುತ್ತದೆ. ಹುಗಿಯಬಾರದೆಂದು ಶಹಾಬಾದ್ ಫರಶಿ ಇಡುವ ರೂಢಿ ಬಿಡಿ, ಜಾಕಿನ ಭಾರಕ್ಕೆ ಅದು ಒಡೆಯಬಹುದು. ದಪ್ಪ ಕಟ್ಟಿಗೆ ಹಲಗೆ ಇಡಿ. ಬಿಚ್ಚಿದ ಗಾಲಿಯನ್ನು ಗಾಡಿಯ ಕೆಳಗೆ ಮಲಗಿಸಿ, ಜಾಕ್ ಜಾರಿದರೆ ಗಾಡಿ ಅದರ ಮೇಲೆ ಕೂರುತ್ತದೆ. ಬರೀ ಜಾಕ್ ನಂಬಿ ತಲೆ, ಕೈ ಕೆಳಗೆ ಹಾಕಬೇಡಿ. ಕಣ್ಣಲ್ಲಿ ನೋಡಿ, ಫೋಟೊ ತೆಗೆಯಿರಿ, ಗಾಲಿ ಕೂಡಿಸಿ. ಕಲಿಯದೆ ಕ್ಯಾಲಿಪರ್ ಬಿಚ್ಚಬೇಡಿ, ವಿಡಿಯೊ ನೋಡಿ ಬ್ರೇಕ್ ರಿಪೇರಿ ಮಾಡಿಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ನೋಡುವುದು ಮಾಲೀಕನ ಕೆಲಸ, ಮಾಡುವುದು ಬಲ್ಲವರ ಕೆಲಸ.

ಗ್ಯಾರೇಜಿನಲ್ಲಿ ಬಾಯಿ ಬಿಡಿ

"ಸೆಟ್ ಬದಲಿ ಮಾಡ್ರಿ" ಎಂದು ಹೇಳುತ್ತ ಒಳಗೆ ಹೋಗಬೇಡಿ. "ಉಸ್ತಾದ್, ಮುಂದಿನ ಎಡಗಾಲಿ ಬೆಳಿಗ್ಗಿಂದ ಕಿರುಚ್ಲಿಕತ್ತದ, ಬಿಚ್ಚಿ ತೋರಸ್ರಿ, ನಾ ಇಲ್ಲೇ ನಿಂತಿರ್ತೀನಿ" ಅನ್ನಿ. ಗೌರವದಿಂದ ಹೇಳಿ, ಆದರೆ ಜಾಗ ಬಿಟ್ಟು ಕದಲಬೇಡಿ.

ಬಿಚ್ಚಿದ ಪ್ಯಾಡನ್ನು ಕೈಗೆ ತೆಗೆದುಕೊಂಡು ದಪ್ಪ ನೋಡಿ. ಬದಲಿಸಬೇಕು ಎಂದರೆ ಯಾಕೆ ಎಂದು ಕೇಳಿ. ಗಾಡಿ ನಿಲ್ಲಿಸುವ ಹೆಚ್ಚಿನ ಭಾರ ಮುಂದಿನ ಗಾಲಿಗಳ ಮೇಲೆ ಬೀಳುವುದರಿಂದ ಮುಂದಿನ ಪ್ಯಾಡುಗಳು ಬೇಗ ಸವೆಯುತ್ತವೆ, ಹಿಂದಿನ ಲೈನರುಗಳು ಸಾಮಾನ್ಯವಾಗಿ ಬಹಳ ಕಾಲ ಬರುತ್ತವೆ. ಹಾಗಾಗಿ ನಾಲ್ಕೂ ಒಟ್ಟಿಗೆ ಬದಲಿಸಬೇಕು ಎಂದರೆ ನಾಲ್ಕನ್ನೂ ಬಿಚ್ಚಿ ತೋರಿಸಲಿ. ಒಂದು ಮಾತು ಮಾತ್ರ ನೆನಪಿರಲಿ: ಎಡ ಬಲ ಜೋಡಿಯಾಗಿಯೇ ಬದಲಾಗಬೇಕು. ಎಡಗಾಲಿಗೆ ಹೊಸದು, ಬಲಗಾಲಿಗೆ ಹಳೆಯದು ಎಂದು ಅರ್ಧ ದುಡ್ಡು ಉಳಿಸಲು ಹೋದರೆ ಗಾಡಿ ಎಳೆಯುತ್ತದೆ.

ಡಿಸ್ಕ್ ಹೋಗಿದೆ ಎಂದರೆ ಅಳತೆ ಕೇಳಿ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಸಾಮಾನ್ಯವಾಗಿ ಕೆತ್ತಿರುತ್ತದೆ. ಅದಕ್ಕಿಂತ ದಪ್ಪ ಇದ್ದು ಗೆರೆಗಳು ಮಾತ್ರ ಬಿದ್ದಿದ್ದರೆ ಲೇತಿನಲ್ಲಿ ಹದ ಮಾಡಿಸಬಹುದು. ಕಡಿಮೆ ಇದ್ದರೆ ಮಾತ್ರ ಹೊಸದು.

ಹಳೆಯ ಸಾಮಾನು ಕೇಳಿ ಪಡೆಯಿರಿ. ಅದು ನಿಮ್ಮದು. ಹೊಸದರ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ತಯಾರಾದ ತಿಂಗಳು, ಎಂ.ಆರ್.ಪಿ. ಇರಲೇಬೇಕು ಎಂದು ಕಾನೂನಿದೆ. ಅದೊಂದೂ ಇಲ್ಲದ ಬರೀ ಪ್ಲಾಸ್ಟಿಕ್ ಚೀಲದ ಪ್ಯಾಡ್ ಎಷ್ಟೇ ಅಗ್ಗವಾದರೂ ಬೇಡ. ಇನ್ನೊಂದು ಗಮನಿಸಿ: ಕಾರಿನ ಬಿಡಿಭಾಗಗಳ ಮೇಲೆ ಮುಂಚೆ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿದೆ. ಬಿಲ್ಲಿನಲ್ಲಿ ಹಳೆಯ ದರ ಹಚ್ಚಿದರೆ ಕೇಳಿ.

ಗಾಳಿ ಪೈಪಿನಿಂದ ಬ್ರೇಕ್ ದೂಳು ಊದಲು ಬಿಡಬೇಡಿ. ಹಳೆಯ, ಅಗ್ಗದ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು. ಆ ಪುಡಿ ನಿಮ್ಮ ಎದೆಗೂ ಹೋಗುತ್ತದೆ, ದಿನವಿಡೀ ಅಲ್ಲೇ ಕೂರುವ ಹುಡುಗನ ಎದೆಗೂ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಲಿ, ಇಲ್ಲವೇ ಸ್ಪ್ರೇ ಹೊಡೆಯಲಿ.

ಕೆಲಸ ಮುಗಿದ ಮೇಲೆ ಗಾಡಿ ಕದಲಿಸುವ ಮುಂಚೆ ನಿಂತಲ್ಲೇ ಬ್ರೇಕ್ ನಾಲ್ಕಾರು ಸಲ ಒತ್ತಿ. ಪೆಡಲ್ ಗಟ್ಟಿಯಾಗಿ ನಿಲ್ಲಬೇಕು. ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಸಲ ಅದು ನೆಲಕ್ಕೆ ಇಳಿಯುತ್ತದೆ, ಒತ್ತಿ ಗಟ್ಟಿ ಮಾಡದೆ ಹೊರಟರೆ ಮೊದಲ ತಿರುವಿನಲ್ಲೇ ಬ್ರೇಕ್ ಸಿಗುವುದಿಲ್ಲ.

ಮಿಸ್ತ್ರಿಯ ಕೂಲಿ ಕೊಡದವರು ನಾವೇ

ಇಷ್ಟು ಹೇಳಿ ಮಿಸ್ತ್ರಿಗಳೆಲ್ಲ ಮೋಸಗಾರರು ಎಂದು ಬರೆದು ಮುಗಿಸುವುದು ಸುಲಭ. ಅದು ನ್ಯಾಯವಲ್ಲ. ನಮ್ಮ ಗ್ಯಾರೇಜುಗಳಲ್ಲಿ ಬಿಸಿಲಿಗೆ ತಗಡಿನ ಕೆಳಗೆ ಬೆನ್ನು ಬಗ್ಗಿಸಿ ಕೂತವರು ನಮ್ಮದೇ ಹುಡುಗರು. ಅವರಲ್ಲಿ ಕಿವಿಯಲ್ಲೇ ರೋಗ ಹೇಳಬಲ್ಲ ಉಸ್ತಾದರಿದ್ದಾರೆ.

ಒಬ್ಬ ಮಿಸ್ತ್ರಿ ಅರ್ಧ ತಾಸು ಕಷ್ಟಪಟ್ಟು ಎರಡು ಗಾಲಿ ಬಿಚ್ಚಿ, ನೋಡಿ, ಒರೆಸಿ, ಪಿನ್ನಿಗೆ ಗ್ರೀಸ್ ಹಚ್ಚಿ, "ಪ್ಯಾಡ್ ಇನ್ನಾ ಚಲೋ ಅದ, ಒಂದು ವರ್ಷ ನಡೀತದ" ಎಂದು ಹೇಳಿದ ಅಂದುಕೊಳ್ಳಿ. ನಾವು ಎಷ್ಟು ಕೊಡುತ್ತೇವೆ? "ಏನೂ ಹಾಕಿಲ್ಲಲ್ಲ, ಬರೀ ನೋಡಿದ್ದಕ್ಕ ಏನ್ ರೊಕ್ಕ?" ಎಂದು ಐವತ್ತರ ನೋಟು ಚಾಚುತ್ತೇವೆ. ಅದೇ ಮಿಸ್ತ್ರಿ ಬೇಡದ ಸೆಟ್ಟು ಹಾಕಿದರೆ ಸಾವಿರಗಟ್ಟಲೆ ಎಣಿಸಿ ಕೊಡುತ್ತೇವೆ. ಅಂಗಡಿಯಿಂದ ಅವನಿಗೆ ಕಮಿಷನ್ನೂ ಬರುತ್ತದೆ. ನಿಜ ಹೇಳಿದವನಿಗೆ ಐವತ್ತು, ಸುಳ್ಳು ಹೇಳಿದವನಿಗೆ ಸಾವಿರ ಎಂದು ದರ ಗೊತ್ತು ಮಾಡಿದವರು ನಾವು. ಆಮೇಲೆ ಮೋಸ ಎಂದು ಬೈಯುವವರೂ ನಾವೇ.

ಈ ಲೆಕ್ಕ ತಿರುಗಿಸಬೇಕು. ನೋಡುವುದಕ್ಕೆ ಕೂಲಿ ಕೊಡಿ, ಮೊದಲೇ ಮಾತಾಡಿ ಗೊತ್ತು ಮಾಡಿ: "ಬಿಚ್ಚಿ ನೋಡಿ ಸ್ವಚ್ಛ ಮಾಡೂದಕ್ಕ ಇಷ್ಟು ಕೊಡ್ತೀನಿ, ಸಾಮಾನು ಹಾಕೂದು ಬಿಡೂದು ಆಮ್ಯಾಲಿನ ಮಾತು." ಮುನ್ನೂರು, ನಾನೂರು ಕೇಳಿದರೂ ಕೊಡಿ. ಸಾಮಾನಿನಲ್ಲಿ ಹೊಟ್ಟೆ ಹೊರೆಯುವ ಅನಿವಾರ್ಯ ತಪ್ಪಿದ ದಿನ ಮಿಸ್ತ್ರಿಯ ಬಾಯಲ್ಲಿ ನಿಜ ಬರುತ್ತದೆ. ಬೇಡದ ಸೆಟ್ಟಿನ ಮುಂದೆ ಅದು ಏನೇನೂ ಅಲ್ಲದ ಖರ್ಚು.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬ ಲೆಕ್ಕವೂ ಇಷ್ಟೇ. ಬೇಡದ ಸಾಮಾನು ಕೊಳ್ಳದೆ ಉಳಿಸಿ. ಕಿರುಚಿದಾಗಲೇ ನೋಡಿಸಿ, ಡಿಸ್ಕ್ ಉಳಿಸಿ. ಸರ್ವಿಸ್ ಮಾಡಿಸಿದಾಗಲೆಲ್ಲ ಪಿನ್ ಸ್ವಚ್ಛ ಮಾಡಿಸಿ ಪ್ಯಾಡ್ ಉಳಿಸಿ. ಪ್ಯಾಡಿನ ಗುಣದಲ್ಲಿ, ಬ್ರೇಕ್ ಆಯಿಲಿನಲ್ಲಿ, ಬಲ್ಲ ಮಿಸ್ತ್ರಿಯ ಕೂಲಿಯಲ್ಲಿ ಉಳಿಸಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಇದನ್ನು ಮಾತ್ರ ಯಾವ ಸದ್ದೂ ನೆನಪಿಸುವುದಿಲ್ಲ.

ಕನ್ನಡ ಬಾರದ ಕಾರುಗಳು

ಕಾರು ಮಾರುವಾಗ ಕನ್ನಡದಲ್ಲಿ ಜಾಹೀರಾತು ಬರುತ್ತದೆ, ಕನ್ನಡದಲ್ಲಿ ಫೋನು ಬರುತ್ತದೆ, ಸಾಲದ ಕಂತು ತಪ್ಪಿದರೆ ಬೈಗುಳವೂ ಕನ್ನಡದಲ್ಲೇ ಬರುತ್ತದೆ. ಗಾಡಿಯೊಳಗಿನ ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿ. ಪ್ಯಾಡ್ ಯಾವಾಗ ನೋಡಿಸಬೇಕು, ಯಾವ ಸದ್ದಿಗೆ ಗಾಡಿ ನಿಲ್ಲಿಸಬೇಕು ಎಂಬುದೆಲ್ಲ ಅದರಲ್ಲಿ ಇದೆ, ನಮ್ಮ ಕೈಗೆ ಎಟುಕುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಆ ಪುಸ್ತಕವೂ ಇರುವುದಿಲ್ಲ. ಕನ್ನಡದವರ ದುಡ್ಡು ಬೇಕಾದ ಕಂಪನಿಗಳು ಬ್ರೇಕು, ಟೈರು, ಬೆಲ್ಟಿನ ನಾಲ್ಕು ಪುಟವನ್ನಾದರೂ ಕನ್ನಡದಲ್ಲಿ ಕೊಡಬೇಕು. ಲೈಸೆನ್ಸ್ ಕೊಡುವಾಗ ರಸ್ತೆಯ ಚಿಹ್ನೆ ಕೇಳುವವರು ಪ್ಯಾಡ್ ಎಷ್ಟು ದಪ್ಪ ಇರಬೇಕು ಎಂದು ಒಂದು ಪ್ರಶ್ನೆ ಕೇಳಿದರೆ ತಪ್ಪೇನು?

ಮೋಸವಾದರೆ ಸುಮ್ಮನಿರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ಯಾರೇಜಿನ ಕೆಲಸಕ್ಕೂ ಲಾಗೂ ಆಗುತ್ತದೆ. ಬಿಲ್ಲು ಕೊಡದಿರುವುದನ್ನು ಆ ಕಾಯ್ದೆ ಅನುಚಿತ ವ್ಯಾಪಾರ ಎಂದು ಎಣಿಸುತ್ತದೆ. ಸ್ವಂತ ಹೊಟ್ಟೆಪಾಡಿಗೆ ಒಂದು ಗಾಡಿ ಬಾಡಿಗೆ ಓಡಿಸುವವರೂ ಅದರ ಅಡಿ ಗ್ರಾಹಕರೇ. 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಬಿಲ್ಲು ಬೇಕು. ಕೈಯಲ್ಲಿ ಚೀಟಿ ಇಲ್ಲದಿದ್ದರೆ ಆಯೋಗದ ಮುಂದೆ ಸಾಬೀತು ಮಾಡುವುದು ಕಷ್ಟ. ಸಣ್ಣ ಚೀಟಿಯಾದರೂ ಸರಿ, ಏನು ಹಾಕಿದರು, ಎಷ್ಟು ತೆಗೆದುಕೊಂಡರು ಎಂದು ಬರೆಸಿಕೊಳ್ಳಿ.

"ಇಷ್ಟೆಲ್ಲ ಯಾರ ಮಾಡ್ತಾರ?"

ಈ ಪ್ರಶ್ನೆ ಬರುತ್ತದೆ ಎಂದು ನಮಗೆ ಗೊತ್ತು. "ಬರೀ ಸದ್ದು, ಬ್ರೇಕ್ ಹಿಡೀತದಲ್ಲ" ಅನ್ನುವವರಿದ್ದಾರೆ. ಪ್ಯಾಡಿನ ಕೊನೆಯ ಎರಡು ಮಿ.ಮೀ. ತನಕವೂ ಬ್ರೇಕ್ ಹಿಡಿಯುತ್ತದೆ. ಅದೇ ಅದರ ಅಪಾಯ. ಹಿಡಿಯದೆ ಹೋಗುವ ದಿನ ಮುಂಚೆ ಹೇಳಿ ಬರುವುದಿಲ್ಲ, ಆ ದಿನ ಹೇಳಬೇಕಾದ್ದನ್ನೇ ಸದ್ದು ತಿಂಗಳ ಮೊದಲು ಹೇಳಿರುತ್ತದೆ. "ಹಾಡು ಜೋರ್ ಇಟ್ರ ಕೇಳ್ಸಲ್ಲ" ಅನ್ನುವವರ ಗಾಡಿಯಲ್ಲಿ ಅವರ ಮಕ್ಕಳೂ ಕೂತಿರುತ್ತಾರೆ.

"ಮಿಸ್ತ್ರಿಗೆ ಪ್ರಶ್ನಿ ಕೇಳಿದ್ರ ಸಿಟ್ಟು ಬರ್ತದ" ಅನ್ನುತ್ತಾರೆ ಇನ್ನು ಕೆಲವರು. ಒಳ್ಳೆಯ ಮಿಸ್ತ್ರಿಗೆ ಬರುವುದಿಲ್ಲ. ತೋರಿಸು ಎಂದರೆ ಸಿಟ್ಟಾಗುವವರ ಹತ್ತಿರ ಮತ್ತೆ ಹೋಗದಿರುವುದೇ ಲೇಸು.

ಕೊನೆಗೆ ಒಂದು ಹೋಲಿಕೆ. ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟ್ ತುಂಬಿದ ಗೂಡ್ಸ್ ರೈಲು ನಿಂತದ್ದನ್ನು ನೀವು ನೋಡಿದ್ದೀರಿ. ರೈಲ್ವೆಯಲ್ಲಿ ಬ್ರೇಕ್ ಪವರ್ ಸರ್ಟಿಫಿಕೇಟ್ ಎಂಬ ಕಾಗದ ಇದೆ. ಬ್ರೇಕು ತಪಾಸಣೆ ಮಾಡಿದವರು ಅದನ್ನು ಬರೆದು ಕೊಡುತ್ತಾರೆ, ಚಾಲಕನೂ ಗಾರ್ಡೂ ನೋಡಿ ಸಹಿ ಹಾಕುತ್ತಾರೆ. ಸಿಮೆಂಟ್ ಮೂಟೆ ಸಾಗಿಸಲೂ ಇಷ್ಟು ನೋಡಿಕೊಂಡು ಹೊರಡುತ್ತಾರೆ. ನಾವು ಮಕ್ಕಳು ಮರಿ, ವಯಸ್ಸಾದ ಅವ್ವ ಅಪ್ಪನನ್ನು ಕೂರಿಸಿಕೊಂಡು ಜಾತ್ರೆಗೆ, ಆಸ್ಪತ್ರೆಗೆ ಹೊರಡುತ್ತೇವೆ. ನಮ್ಮ ಬ್ರೇಕು ನೋಡಿ ಸಹಿ ಹಾಕುವವರು ಯಾರೂ ಇಲ್ಲ. ಅದನ್ನು ನಾವೇ ನೋಡಬೇಕು.

ಈ ವಾರ ನಿಮ್ಮ ಗಾಡಿ ಕಿರುಗುಟ್ಟುತ್ತಿದ್ದರೆ ಇದನ್ನು ಫೋನಿನಲ್ಲಿ ಇಟ್ಟುಕೊಂಡೇ ಗ್ಯಾರೇಜಿಗೆ ಹೋಗಿ. ಗಾಲಿ ಬಿಚ್ಚಿಸಿ, ಪಕ್ಕದಲ್ಲಿ ನಿಂತು ನೋಡಿ, ನೋಡಿದ ಕೂಲಿ ಕೊಡಿ, ಚೀಟಿ ತನ್ನಿ. ಕಾರು ಕೊಂಡ ಪಕ್ಕದ ಮನೆಯವರಿಗೂ ಕಳಿಸಿ.